ಗೃಹಸ್ಥರೊಡನೆ ಮಾತುಕತೆ: ಸಂಬಳವೂ ಸಂತೆಯೂ

ಕೆಲವು ತಿಂಗಳಿನಿಂದ ನಮಗೆ ಬರುತ್ತಿರುವ ಕಾಗದಗಳಲ್ಲಿ ಒಂದೇ ಪ್ರಶ್ನೆಯು ಬೇರೆ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತಿರುವುದು. ಬರೆದವರಲ್ಲಿ ಒಬ್ಬರು ಸಹಕಾರ ಸಂಘದ ಗುಮಾಸ್ತರು, ಒಬ್ಬರು ಕಾರ್ಖಾನೆಯ ಮೇಸ್ತ್ರಿಗಳು, ಇನ್ನೊಬ್ಬರು ಖಾಸಗಿ ಶಾಲೆಯ ಉಪಾಧ್ಯಾಯಿನಿ. ಎಲ್ಲರ ಪ್ರಶ್ನೆಯ ಸಾರಾಂಶವೂ ಇಷ್ಟೇ: "ಸಂಬಳವು ತಿಂಗಳ ಕೊನೆಯವರೆಗೆ ಬರುವುದಿಲ್ಲ. ಇರುವ ಕೆಲಸವನ್ನು ಬಿಡದೆ, ಬಿಡುವಿನ ವೇಳೆಯಲ್ಲಿ ಒಂದಿಷ್ಟು ಸರಕನ್ನು ಕೊಂಡು ತಂದು, ಮೊಬೈಲಿನ ಮೂಲಕ ಮಾರಿ, ನಾಲ್ಕು ಕಾಸು ಸಂಪಾದಿಸಬಹುದೇ?"

ಸಂಪಾದಿಸಬಹುದು. ಆದರೆ ಬಹು ಮಂದಿ ಸಂಪಾದಿಸಿದೆವೆಂದು ತಿಳಿದುಕೊಂಡಿರುವರೇ ಹೊರತು ಸಂಪಾದಿಸಿರುವುದಿಲ್ಲ. ಈ ಎರಡಕ್ಕೂ ನಡುವೆ ಇರುವ ಅಂತರವನ್ನು ತೋರಿಸುವುದೇ ಈ ತಿಂಗಳ ಮಾತುಕತೆಯ ಉದ್ದೇಶ. ನಾವಾದರೋ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಸಂಸ್ಕೃತ ಪಾಠವನ್ನು ಹೇಳಿದವರು, ತಕ್ಕಡಿಯನ್ನು ಹಿಡಿದವರಲ್ಲ. ಹಾಗಿದ್ದರೂ ಈ ವಿಷಯದಲ್ಲಿ ಮಾತನಾಡಲು ನಮಗೆ ಅಧಿಕಾರವು ಬಂದ ಬಗೆಯನ್ನು ಮುಂದೆ ಹೇಳುವೆವು. ಆ ಅಧಿಕಾರಕ್ಕೆ ನಾವು ಕೊಟ್ಟ ಬೆಲೆ ಮೊದಲಿಗೆ 30,000 ರೂಪಾಯಿ.

ಮನೆಯಲ್ಲಿಯೇ ಕುಳಿತು ದೂರದ ಗಿರಾಕಿಗೆ ಮಾರುವ ಈ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿ ಹೆಚ್ಚು ಕಾಲವಾಗಿಲ್ಲ. ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಎಂಬ ಸಂಸ್ಥೆಯು ಪುಸ್ತಕಗಳ ಮಾರಾಟದಿಂದ ಆರಂಭವಾದುದು 2007ರಲ್ಲಿ. ಅದೇ ಊರಿನಲ್ಲಿ 2015ರಲ್ಲಿ ಹುಟ್ಟಿದ ಮೀಶೋ ಎಂಬ ಸಂಸ್ಥೆಯಾದರೋ ಮನೆಮಂದಿಯನ್ನೇ, ಅದರಲ್ಲಿಯೂ ಗೃಹಿಣಿಯರನ್ನೇ, ವ್ಯಾಪಾರಿಗಳನ್ನಾಗಿ ಮಾಡಿತು. ಸರಕಿನ ಚಿತ್ರವನ್ನು ವಾಟ್ಸಾಪಿನಲ್ಲಿ ಬಂಧುಮಿತ್ರರಿಗೆ ಕಳುಹಿಸುವುದು, ಬೆಲೆಯ ಮೇಲೆ ತನ್ನ ಲಾಭವನ್ನು ಸೇರಿಸಿ ಹೇಳುವುದು, ಬೇಕೆಂದವರಿಗೆ ಸರಕು ನೇರವಾಗಿ ಬಂದು ಮುಟ್ಟುವಂತೆ ಮಾಡುವುದು. ಅಂಗಡಿಯಿಲ್ಲ, ಬಾಡಿಗೆಯಿಲ್ಲ, ಬೋರ್ಡಿಲ್ಲ. ಇದಲ್ಲದೆ ಸರಕನ್ನು ತಾನೇ ಸಗಟಾಗಿ ಕೊಂಡು ಮನೆಯಲ್ಲಿಟ್ಟುಕೊಂಡು, ದೊಡ್ಡ ಮಾರುಕಟ್ಟೆಯ ತಾಣಗಳಲ್ಲಿ ಹೆಸರು ನೋಂದಾಯಿಸಿ ಮಾರುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಬಂಡವಾಳ ಕಡಮೆ, ಆದರೆ ಸರಕನ್ನು ಕಣ್ಣಿನಿಂದ ನೋಡದೆಯೇ ಮಾತು ಕೊಡಬೇಕಾಗುವುದು. ಎರಡನೆಯದರಲ್ಲಿ ಸರಕು ಕಣ್ಣ ಮುಂದಿರುವುದು, ಆದರೆ ಹಣವೂ ಅದರೊಡನೆ ಬೀರುವಿನಲ್ಲಿ ಮಲಗಿರುವುದು.

ನಮ್ಮ ಹಳೆಯ ಶಿಷ್ಯನೊಬ್ಬನು ತುಮಕೂರಿನಲ್ಲಿ ಖಾಸಗಿ ಕಂಪೆನಿಯೊಂದರಲ್ಲಿ ಲೆಕ್ಕದ ಗುಮಾಸ್ತನಾಗಿರುವನು. ಹೆಂಡತಿಯ ತವರೂರು ಇಳಕಲ್ಲಿನ ಹತ್ತಿರ. ಇಬ್ಬರು ಮಕ್ಕಳು, ಮನೆ ಬಾಡಿಗೆಯದು. ಎರಡು ವರ್ಷದ ಕೆಳಗೆ ನಾವು ನಿವೃತ್ತರಾದ ಹೊಸದರಲ್ಲಿ ಅವನು ಮನೆಗೆ ಬಂದು, ನಮಸ್ಕಾರ ಮಾಡಿ, ಇಳಕಲ್ಲಿನ ಸೀರೆಗಳನ್ನು ತರಿಸಿ ಮೊಬೈಲಿನ ಮೂಲಕ ಮಾರುವ ತನ್ನ ಯೋಚನೆಯನ್ನು ತಿಳಿಸಿದನು. ತನ್ನಲ್ಲಿ 14,000 ರೂಪಾಯಿ ಉಂಟೆಂದೂ, ಇನ್ನು 30,000 ಇದ್ದರೆ ಸಾಕೆಂದೂ, ಆರು ತಿಂಗಳಲ್ಲಿ ಹಿಂದಿರುಗಿಸುವೆನೆಂದೂ ಹೇಳಿದನು. ಹುಡುಗನು ವಿನಯಶಾಲಿ, ಶಾಲೆಯಲ್ಲಿ ಒಂದು ದಿನವೂ ಸುಳ್ಳು ಹೇಳಿದವನಲ್ಲ. ನಮಗೆ ಬಂದಿದ್ದ ಗ್ರಾಚುಯಿಟಿಯ ಹಣದಲ್ಲಿ 30,000 ರೂಪಾಯಿಗಳನ್ನು ಕೊಟ್ಟೆವು. ನಮ್ಮ ಮನೆಯವರು ಆಗಲೇ, "ಕೊಡುವುದಾದರೆ ಕೊಡಿ, ತಿಂಗಳಿಗೊಮ್ಮೆ ಲೆಕ್ಕ ಕೇಳಿ" ಎಂದರು. ಶಿಷ್ಯನಲ್ಲಿ ಲೆಕ್ಕ ಕೇಳುವುದು ಗೌರವಕ್ಕೆ ಕಡಮೆಯೆಂದು ನಾವು ಸುಮ್ಮನಾದೆವು. ತಪ್ಪು ಅಲ್ಲಿಯೇ ಆರಂಭವಾಯಿತು, ಮತ್ತು ಅದು ನಮ್ಮದು.

ನಾಲ್ಕು ತಿಂಗಳಾದ ಮೇಲೆ, ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ, ಅವನು ಪುನಃ ಬಂದನು. ಮುಖದಲ್ಲಿ ಉತ್ಸಾಹವು ತುಂಬಿ ತುಳುಕುತ್ತಿದ್ದಿತು. "ಮೇಷ್ಟ್ರೇ, 34 ಸೀರೆ ಕಳುಹಿಸಿದ್ದೇನೆ. ಸೀರೆಗೆ 500ರಂತೆ 17,000 ಲಾಭ. ಬ್ಯಾಂಕಿನಲ್ಲಿ 31,790 ರೂಪಾಯಿ ಕೂತಿದೆ. ಹಬ್ಬಕ್ಕೆ 1 ಲಕ್ಷದ ಸರಕು ಹಾಕಿಬಿಟ್ಟರೆ, ಯುಗಾದಿಯ ಹೊತ್ತಿಗೆ ಕೆಲಸ ಬಿಟ್ಟುಬಿಡಬಹುದು" ಎಂದನು. ಲಕ್ಷವು ಎಲ್ಲಿಂದ ಬರುವುದೆಂದು ಕೇಳಿದೆವು. ಸ್ವಲ್ಪ ಹೊತ್ತು ನೆಲವನ್ನು ನೋಡಿ, "ಅವಳ ಬಳೆಗಳಿವೆ" ಎಂದನು. ಜೊತೆಯಲ್ಲಿ ಬಂದಿದ್ದ ಆಕೆಯು ಅಡಿಗೆಯ ಮನೆಯಲ್ಲಿ ನಮ್ಮ ಮನೆಯವರೊಡನೆ ಮಾತನಾಡುತ್ತಿದ್ದಳು. ಬಳೆಗಳ ವಿಚಾರದಲ್ಲಿ ಆಕೆಯು ಬೇಡವೆಂದೂ ಹೇಳಿರಲಿಲ್ಲ, ಆಗಲೆಂದೂ ಹೇಳಿರಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಗಂಡನ ಉತ್ಸಾಹಕ್ಕೆ ಅಡ್ಡಬರಲು ಮನಸ್ಸಿಲ್ಲದ ಹೆಂಗಸರ ಮೌನವನ್ನು ಸಮ್ಮತಿಯೆಂದು ತಿಳಿಯುವುದು ನಮ್ಮ ಗಂಡಸರ ಹಳೆಯ ಅಭ್ಯಾಸ.

ಆಗ ನಾವು, ಕೇಳಬೇಕಾಗಿದ್ದುದನ್ನು ತಡವಾಗಿಯಾದರೂ ಕೇಳಿದೆವು: "ಲೆಕ್ಕದ ಪುಸ್ತಕವನ್ನು ತೋರಿಸಪ್ಪ." ಪುಸ್ತಕವಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಂಪೆನಿಯ ಲೆಕ್ಕವನ್ನು ಪೈಸೆ ಪೈಸೆಯಾಗಿ ಬರೆಯುವವನು ತನ್ನ ಮನೆಯ ವ್ಯಾಪಾರವನ್ನು ಮೊಬೈಲಿನ ಸಂದೇಶಗಳಲ್ಲಿಯೂ ನೆನಪಿನಲ್ಲಿಯೂ ಇಟ್ಟುಕೊಂಡಿದ್ದನು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕುಳಿತು, ಅವನು ಸಂದೇಶಗಳನ್ನು ಓದುತ್ತ ಹೋದಂತೆ ನಾವು ಒಂದು ಹಾಳೆಯಲ್ಲಿ ಬರೆಯುತ್ತ ಹೋದೆವು. ಆ ಹಾಳೆಯು ಇನ್ನೂ ನಮ್ಮಲ್ಲಿರುವುದು. ವಾಚಕರ ಪ್ರಯೋಜನಕ್ಕಾಗಿ, ಅವನ ಅಪ್ಪಣೆಯಿಂದಲೇ, ಅದನ್ನು ಇಲ್ಲಿ ಕೊಡುವೆವು.

ಕೊಂಡ ಸೀರೆಗಳು ಒಟ್ಟು 40. ಇವುಗಳಲ್ಲಿ 30ನ್ನು 1,200ರಂತೆ ಇಳಕಲ್ಲಿನಿಂದಲೂ, 10ನ್ನು 800ರಂತೆ ಬೇರೊಬ್ಬ ಸಗಟು ವ್ಯಾಪಾರಿಯಿಂದಲೂ ತರಿಸಿದ್ದನು. ಒಟ್ಟು ಬಂಡವಾಳ 44,000. ಸರಾಸರಿ ಸೀರೆಗೆ 1,100. ಮಾರಿದ ಬೆಲೆ 1,600. ಕಳುಹಿಸಿದುದು 34 ಸಲ, ನಿಜ. ಆದರೆ ಅವುಗಳಲ್ಲಿ 7 ಹಿಂದಿರುಗಿದ್ದುವು. ಮಾಲು ಮುಟ್ಟಿದ ಮೇಲೆ ಹಣ ಕೊಡುವ ಕ್ರಮವುಂಟಷ್ಟೆ. ನಮ್ಮ ಕಾಲದ ವಿ.ಪಿ. ಪೋಸ್ಟಿನಂತೆಯೇ ಇದರಲ್ಲಿಯೂ ಬಾಗಿಲಿಗೆ ಬಂದ ಕಟ್ಟನ್ನು "ಬೇಡ" ಎಂದು ಹಿಂದಕ್ಕೆ ಕಳುಹಿಸಲು ಗಿರಾಕಿಗೆ ಏನೂ ಖರ್ಚಿಲ್ಲ. ಹೀಗಾಗಿ ನಿಜವಾಗಿ ಮಾರಾಟವಾದುವು 27. ಅವುಗಳಿಂದ ಬಂದ ಹಣ 43,200, ಅವುಗಳ ಅಸಲು 29,700, ಉಳಿದುದು 13,500. ಇಲ್ಲಿಗೇ 17,000ವು 13,500 ಆಯಿತು.

ಇನ್ನು ಖರ್ಚು. 27ರಲ್ಲಿ 15 ಸೀರೆಗಳು ಒಂದು ದೊಡ್ಡ ಮಾರುಕಟ್ಟೆಯ ತಾಣದ ಮೂಲಕ ಹೋಗಿದ್ದುವು. ಅದಕ್ಕೆ ಕಮಿಷನ್ ಮೊದಲಾದುವು ಸೀರೆಗೆ 240ರಂತೆ 3,600. ಕಳುಹಿಸಿದ ಕೊರಿಯರ್ ಖರ್ಚು 34ಕ್ಕೆ 90ರಂತೆ 3,060. ಹಿಂದಿರುಗಿದ 7ಕ್ಕೆ ವಾಪಸು ಸಾಗಣೆ 110ರಂತೆ 770. ಚೀಲ, ಪೆಟ್ಟಿಗೆ, ಅಂಟುಪಟ್ಟಿಗಳಿಗೆ 680. ಹಿಂದಿರುಗಿದವುಗಳಲ್ಲಿ ಎರಡು ಸೀರೆಗಳು ಅರಿಸಿನದ ಕಲೆಯೂ ಮಡಿಕೆಯ ಹರಕೂ ಆಗಿ ಮಾರಲು ಬಾರದಂತಾಗಿದ್ದುವು. ಅದರ ನಷ್ಟ 2,200. ಮೊಬೈಲಿನ ಜಾಹೀರಾತಿಗೆ 1,500. ಇಳಕಲ್ಲಿಗೆ ಎರಡು ಸಲ ಹೋಗಿಬಂದ ಬಸ್ಸಿನ ಖರ್ಚು 1,800. ಎಲ್ಲವನ್ನೂ ಕೂಡಿದರೆ 13,610.

13,500ರಲ್ಲಿ 13,610ನ್ನು ಕಳೆಯಲು ನಾಲ್ಕು ತಿಂಗಳ ಫಲವು 110 ರೂಪಾಯಿ ನಷ್ಟ! ಅವನು ಎರಡು ಸಲ ಕೂಡಿ ನೋಡಿದನು, ಉತ್ತರವು ಬದಲಾಗಲಿಲ್ಲ. "ಹಾಗಾದರೆ ಬ್ಯಾಂಕಿನಲ್ಲಿರುವ 31,790?" ಎಂದು ಕೇಳಿದನು. ಅದರಲ್ಲಿ 30,000 ನಮ್ಮ ಸಾಲವೇ, ಮಿಕ್ಕುದು ಅವನು ಹಾಕಿದ ಹಣದ ಒಂದು ತುಂಡು. ಉಳಿದ ತುಂಡು 11 ಸೀರೆಗಳ ರೂಪದಲ್ಲಿ ಬೀರುವಿನಲ್ಲಿದ್ದಿತು. ಕೊಡದಿಂದ ಬಿಂದಿಗೆಗೆ ನೀರನ್ನು ಬಗ್ಗಿಸಿ, ಬಿಂದಿಗೆಯು ತುಂಬಿತೆಂದು ಹಿಗ್ಗಿದಂತಾಯಿತು. ವಾಚಕರೇ, ವ್ಯಾಪಾರಕ್ಕೆ ಹೊಸಬರಾದವರು ಬೀಳುವ ಮೊದಲನೆಯ ಗುಂಡಿ ಇದೇ. ಹಿಂದಿರುಗಿ ಬಂದ ಅಸಲನ್ನು ಲಾಭವೆಂದು ತಿಳಿದು ಖರ್ಚು ಮಾಡುವರು, ಇಲ್ಲವೆ ಅದರ ಧೈರ್ಯದ ಮೇಲೆ ಸಾಲವನ್ನು ಮಾಡುವರು. ಇದಲ್ಲದೆ ಚಿತ್ರ ತೆಗೆಯುವುದು, ಉತ್ತರ ಬರೆಯುವುದು, ಕಟ್ಟುವುದು, ಕೊರಿಯರ್ ಅಂಗಡಿಗೆ ಹೋಗುವುದು, ಇವುಗಳಿಗೆ ಕಟ್ಟೊಂದಕ್ಕೆ ಎರಡು ಗಂಟೆಯೆಂದರೂ 68 ಗಂಟೆಗಳು. ಅವನು ಅದನ್ನು ಲೆಕ್ಕಕ್ಕೇ ತಂದಿರಲಿಲ್ಲ.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಸೇರಿಸಿ ವಾರ್ತೆಯೆಂದು ಕರೆದು, ಅದನ್ನು ಒಂದು ವಿದ್ಯೆಯಾಗಿ ಎಣಿಸಿರುವನು. ವರ್ತಕರ ವಿಚಾರವನ್ನು ಹೇಳುವ ಪ್ರಕರಣದಲ್ಲಿ, ದೂರದೇಶದಿಂದಲೋ ಬಹುಕಾಲದ ಮೇಲೋ ಬರುವ ಸರಕಿಗೆ ಬೆಲೆ ಕಟ್ಟುವವನು ಹಾಕಿದ ಬಂಡವಾಳ, ಸರಕಿನ ಉತ್ಪತ್ತಿ, ಸುಂಕ, ಬಡ್ಡಿ, ಬಾಡಿಗೆ, ಇತರ ವೆಚ್ಚಗಳು ಇಷ್ಟನ್ನೂ ಎಣಿಸಿದ ಮೇಲೆಯೇ ಬೆಲೆಯನ್ನು ನಿಶ್ಚಯಿಸತಕ್ಕದ್ದೆಂದು ವಿಧಿಸಿರುವನು. ಈ ಮಾತನ್ನು ಎಷ್ಟೋ ವರ್ಷದ ಕೆಳಗೆ ಓದಿ ಬಲ್ಲ ನಾವು, ಸಾಲ ಕೊಡುವ ದಿನ ಅದನ್ನು ನೆನೆಯಲಿಲ್ಲ. ಶಾಸ್ತ್ರವು ಕಪಾಟಿನಲ್ಲಿ ಉಳಿಯಿತು. ಹಣವು ಹೊರಕ್ಕೆ ಹೋಯಿತು.

ಲೆಕ್ಕವು ಮುಗಿದ ಎರಡು ದಿನಗಳಲ್ಲಿಯೇ ಇದಕ್ಕಿಂತ ದೊಡ್ಡ ಪರೀಕ್ಷೆಯು ಬಂದಿತು. ಮಗಳ ಸೀಮಂತಕ್ಕೆಂದು ಸೀರೆಯನ್ನು ಕೊಂಡಿದ್ದ ಒಬ್ಬ ತಾಯಿಯು ಅವನಿಗೆ ಹೀಗೆ ಬರೆದಿದ್ದಳು: "ಕೈಮಗ್ಗದ್ದೆಂದು ಹೇಳಿ ಕಳುಹಿಸಿರುವಿರಿ. ನಮ್ಮ ತವರು ನೇಕಾರರದು. ಇದು ಕೈಮಗ್ಗದ್ದಲ್ಲ." ಆಕೆಯ ಮಾತು ನಿಜವಾಗಿದ್ದಿತು. ಸಂಪ್ರದಾಯದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಕೊಂಡಿ ಎಂದು ಕರೆಯುವ ಕುಣಿಕೆಗಳಿಂದ ಒಂದಕ್ಕೊಂದನ್ನು ಸೇರಿಸುವರು. ಒಂದೊಂದು ಸೀರೆಗೂ ಈ ಜೋಡಣೆಯು ಹೊಸದಾಗಿ ಆಗಬೇಕು. ಕೆಂಪು ಬಿಳುಪುಗಳ ಟೋಪ್ ತೆನಿ ಸೆರಗು ಒಡಲನ್ನು ಕೂಡುವ ಸ್ಥಳವನ್ನು ಬೆಳಕಿಗೆ ಹಿಡಿದರೆ ಬಲ್ಲವರಿಗೆ ಆ ಸೇರುವೆಯು ಕಾಣುವುದು. ವಿದ್ಯುತ್ ಮಗ್ಗದ ಅನುಕರಣದಲ್ಲಿ ಬಣ್ಣವಿರುವುದು, ಚಿತ್ತಾರವಿರುವುದು, ಆ ಕೊಂಡಿಯಿರುವುದಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿರುವುದು ಆ ಊರಿನ ನೇಕಾರರ ಈ ಕೈಕೆಲಸದ ಸಲುವಾಗಿಯೇ. ಸಗಟು ವ್ಯಾಪಾರಿಯಿಂದ 800ರಂತೆ ಬಂದ ಹತ್ತು ಸೀರೆಗಳೂ ವಿದ್ಯುತ್ ಮಗ್ಗದವು. ಇಳಕಲ್ಲಿನಲ್ಲಿಯೇ 1,200ಕ್ಕೆ ಕಡಮೆ ಸಿಕ್ಕದ ವಸ್ತುವು ಬೇರೊಂದು ಕಡೆಯಲ್ಲಿ 800ಕ್ಕೆ ಸಿಕ್ಕಿದಾಗಲೇ ಸಂಶಯವು ಹುಟ್ಟಬೇಕಾಗಿದ್ದಿತು. ಆದರೆ ಅಗ್ಗವಾಗಿ ಬಂದುದನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ.

ಅವನ ಹೆಂಡತಿಯು ಮಾತ್ರ ನೋಡಿದ್ದಳು. ಕಟ್ಟು ಬಂದ ದಿನವೇ, "ಇವು ನಮ್ಮೂರಿನ ಸೀರೆಗಳಂತಿಲ್ಲ" ಎಂದಿದ್ದಳಂತೆ. ಅವನು, ವ್ಯಾಪಾರಿಯು ಹಾಗೆಂದು ಬರೆದುಕೊಟ್ಟಿರುವನೆಂದು ಹೇಳಿ ಆ ಮಾತನ್ನು ತಳ್ಳಿಹಾಕಿದ್ದನು. ಈಗಲೂ ಅದೇ ಉತ್ತರವನ್ನು ಗಿರಾಕಿಗೆ ಬರೆಯಲು ಸಿದ್ಧನಾಗಿದ್ದನು. "ನಾನು ಮೋಸ ಮಾಡಲಿಲ್ಲವಲ್ಲ ಮೇಷ್ಟ್ರೇ, ನನಗೇ ಮೋಸವಾಗಿದೆ" ಎಂದನು. ಅದೂ ಸುಳ್ಳಲ್ಲ. ಆದರೆ ಆ ತಾಯಿಯು ಹಣವನ್ನು ಕೊಟ್ಟದ್ದು ಸಗಟು ವ್ಯಾಪಾರಿಯ ಮಾತನ್ನು ನಂಬಿಯಲ್ಲ, ಇವನ ಮಾತನ್ನು ನಂಬಿ. ಮಾರುವವನು ಆಡಿದ ಮಾತಿಗೆ ಮಾರುವವನೇ ಹೊಣೆ. ಅದನ್ನು ಅವನು ಎಲ್ಲಿಂದ ತಂದನೆಂಬುದು ಕೊಳ್ಳುವವರ ಚಿಂತೆಯಲ್ಲ. ಹೀಗೆಂದು ಹೇಳಿ, "ಇನ್ನು ನಿನ್ನ ಇಷ್ಟ" ಎಂದು ಬಿಟ್ಟೆವು. ನಿರ್ಣಯವನ್ನು ಮಾಡಿದವಳು ಆಕೆ. "ಎಲ್ಲರಿಗೂ ಬರೆಯೋಣ. ಬಳೆಗಳನ್ನು ಇಡುವುದಕ್ಕೆ ನಾನು ಒಪ್ಪುವುದಿಲ್ಲ, ಇದಕ್ಕೆ ಒಪ್ಪುತ್ತೇನೆ" ಎಂದಳು.

ಆ ಹತ್ತರಲ್ಲಿ ಆರು ಮಾರಾಟವಾಗಿದ್ದುವು. ಕೊಂಡ ಆರು ಮಂದಿಗೂ ಇದ್ದುದನ್ನು ಇದ್ದಂತೆಯೇ ಬರೆದು, ಬೇಡವೆಂದರೆ ಪೂರ್ತಿ ಹಣವನ್ನೂ, ಇಟ್ಟುಕೊಳ್ಳುವುದಾದರೆ 300 ರೂಪಾಯಿಯನ್ನೂ ಹಿಂದಿರುಗಿಸುವುದಾಗಿ ತಿಳಿಸಿದರು. ಇಬ್ಬರು ಸೀರೆಯನ್ನು ಹಿಂದಕ್ಕೆ ಕಳುಹಿಸಿದರು, ನಾಲ್ವರು ಇಟ್ಟುಕೊಂಡರು. ಸಾಗಣೆಯ ಖರ್ಚು ಸೇರಿ 4,620 ರೂಪಾಯಿ ಕೈಬಿಟ್ಟಿತು. ಆ ರಾತ್ರಿ ಅವನಿಗೆ ನಿದ್ರೆ ಬಂದಿರಲಾರದು. ಉಳಿದ ಆರು ಸೀರೆಗಳನ್ನು ವಿದ್ಯುತ್ ಮಗ್ಗದವೆಂದೇ ಸ್ಪಷ್ಟವಾಗಿ ಬರೆದು 950ರಂತೆ ಮಾರಾಟಕ್ಕಿಟ್ಟನು, ಅವೂ ಹೋದುವು. ದಿನಬಳಕೆಗೆ ಒಗೆದು ಉಡಲು ಅಂತಹವೇ ಬೇಕೆನ್ನುವವರೂ ಉಂಟು. ನಿಜವನ್ನು ಹೇಳಿದರೆ ಸರಕು ಹೋಗುವುದಿಲ್ಲವೆಂಬುದು ಹೆದರಿಕೆಯೇ ಹೊರತು ಅನುಭವವಲ್ಲ.

ಈ ವಿಚಾರದಲ್ಲಿ ಧರ್ಮವು ಹೇಳಿದುದನ್ನೇ ಕಾನೂನೂ ಹೇಳುವುದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಗ್ರಾಹಕ ರಕ್ಷಣೆಯ ಕಾನೂನಿನಡಿಯಲ್ಲಿ 2020ರಲ್ಲಿ ಹೊರಟ ಇ-ವಾಣಿಜ್ಯ ನಿಯಮಗಳ ಪ್ರಕಾರ, ಮಾರುಕಟ್ಟೆಯ ತಾಣದಲ್ಲಿ ಮಾರುವವನು ದೋಷವುಳ್ಳ, ನಕಲಿಯಾದ, ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸಕೂಡದು. ಮಾರುವವನೇ ಕೊಂಡವನಂತೆ ನಟಿಸಿ ತನ್ನ ಸರಕನ್ನು ಹೊಗಳಿ ಬರೆಯುವುದೂ ನಿಷಿದ್ಧ. ಭಾವಮೈದುನನ ಹೆಸರಿನಲ್ಲಿ ಐದು ನಕ್ಷತ್ರಗಳನ್ನು ಹಾಕಿಕೊಳ್ಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಮುಖ್ಯವಾದ ವಿಷಯವೊಂದುಂಟು. ಅದೇ ನಾವು ಉಣ್ಣುವ ಅನ್ನದ ಋಣ. ಶಿಷ್ಯನು ಕಚೇರಿಯ ಹೊತ್ತಿನಲ್ಲಿ ಮೇಜಿನ ಕೆಳಗೆ ಮೊಬೈಲನ್ನಿಟ್ಟುಕೊಂಡು ಗಿರಾಕಿಗಳಿಗೆ ಉತ್ತರ ಬರೆಯುತ್ತಿದ್ದನು. ರಾತ್ರಿ ಹನ್ನೆರಡರವರೆಗೆ ಕಟ್ಟು ಕಟ್ಟಿ, ಬೆಳಗ್ಗೆ ತೂಕಡಿಸುತ್ತ ಕೆಲಸಕ್ಕೆ ಹೋಗುತ್ತಿದ್ದನು. ಒಂದು ದಿನ ಒಂದೇ ಬಿಲ್ಲನ್ನು ಎರಡು ಸಲ ಲೆಕ್ಕಕ್ಕೆ ಬರೆದು, ಒಬ್ಬ ಸರಬರಾಜುದಾರರಿಗೆ ಎರಡು ಸಲ ಹಣವು ಹೋಗುವಂತಾಯಿತು. ಹಣವು ಹಿಂದಕ್ಕೆ ಬಂದಿತು. ಅವನ ಕೈಗೆ ಎಚ್ಚರಿಕೆಯ ಪತ್ರವೂ ಬಂದಿತು. ಹನ್ನೊಂದು ವರ್ಷದ ಸೇವೆಯಲ್ಲಿ ಅದೇ ಮೊದಲನೆಯದು. ಈ ಸಂಗತಿಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಲೆಕ್ಕದ ಹಾಳೆಯನ್ನು ಮಡಿಸುವಾಗ ನಮಗೆ ಹೇಳಿದನು. ತಿಂಗಳ ಮೊದಲ ತಾರೀಖಿಗೆ ತಪ್ಪದೆ ಬರುವ ಸಂಬಳವನ್ನು ಅಪಾಯಕ್ಕೊಡ್ಡಿ, 110 ರೂಪಾಯಿ ನಷ್ಟವನ್ನು ಸಂಪಾದಿಸಿದಂತಾಗಿದ್ದಿತು. ಯಜಮಾನರ ಹೊತ್ತನ್ನು ಕದಿಯುವುದೂ ಕಳವೇ. ಅದಕ್ಕೆ ಬೀಗ ಮುರಿಯಬೇಕಾಗಿಲ್ಲವೆಂಬುದೊಂದೇ ವ್ಯತ್ಯಾಸ.

ಆದುದರಿಂದ ಉಪವ್ಯಾಪಾರಕ್ಕೆ ಕೈಹಾಕುವ ಮೊದಲು ತನ್ನ ಉದ್ಯೋಗದ ಕರಾರನ್ನು ಓದತಕ್ಕದ್ದು. ಅನೇಕ ಖಾಸಗಿ ಕಂಪೆನಿಗಳ ನೇಮಕದ ಪತ್ರದಲ್ಲಿ ಬೇರೆ ಉದ್ಯೋಗವನ್ನು ನಿಷೇಧಿಸುವ ಮಾತಿರುವುದು. ಇದ್ದರೆ ಬರವಣಿಗೆಯಲ್ಲಿ ಅನುಮತಿಯನ್ನು ಕೇಳಬೇಕು. ಸರ್ಕಾರಿ ನೌಕರರ ವಿಷಯವು ಇನ್ನೂ ಬಿಗಿಯಾದುದು. ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳಲ್ಲಿ 15ನೆಯ ನಿಯಮವು ಪೂರ್ವಾನುಮತಿಯಿಲ್ಲದೆ ಖಾಸಗಿ ವ್ಯಾಪಾರವನ್ನು ಮಾಡಕೂಡದೆಂದು ವಿಧಿಸಿರುವುದಲ್ಲದೆ, ಮನೆಯವರಾರಾದರೂ ವ್ಯಾಪಾರದಲ್ಲಿ ತೊಡಗಿದ್ದರೆ ಅದನ್ನು ತಿಳಿಸತಕ್ಕದ್ದೆಂದೂ ಹೇಳಿರುವುದು. ನಮ್ಮ ರಾಜ್ಯದ ನೌಕರರೂ ತಮಗೆ ಅನ್ವಯಿಸುವ ನಡತೆ ನಿಯಮಗಳನ್ನು ನೋಡಿಕೊಂಡೇ ಮುಂದುವರಿಯಬೇಕು. ಹೆಂಡತಿಯ ಹೆಸರಿನಲ್ಲಿ ಬೋರ್ಡು ಹಾಕಿ ತಾನು ವ್ಯಾಪಾರ ಮಾಡುವುದು ಇಬ್ಬರಿಗೂ ಮರ್ಯಾದೆಯಲ್ಲ. ಹೆಂಡತಿಯೇ ನಿಜವಾಗಿ ವ್ಯಾಪಾರವನ್ನು ಮಾಡುವುದಾದರೆ ಲೆಕ್ಕವೂ ಹಣವೂ ನಿರ್ಣಯವೂ ಆಕೆಯ ಕೈಯಲ್ಲಿಯೇ ಇರಲಿ.

ತೆರಿಗೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳುವೆವು. ಕೇವಲ ಸರಕುಗಳನ್ನು ಮಾರುವವರು ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರಿದಾಗ ಜಿ.ಎಸ್.ಟಿ. ನೋಂದಣಿಯನ್ನು ಮಾಡಿಸಬೇಕು. ಮಾರುಕಟ್ಟೆಯ ತಾಣಗಳ ಮೂಲಕ ಮಾರುವವರಿಗೆ ಮೊದಲು ಒಂದು ರೂಪಾಯಿಯ ಮಾರಾಟಕ್ಕೂ ನೋಂದಣಿಯು ಕಡ್ಡಾಯವಾಗಿದ್ದಿತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿದ್ದು ತಮ್ಮ ರಾಜ್ಯದೊಳಗೆ ಮಾತ್ರ ಮಾರುವ ಚಿಕ್ಕವರಿಗೆ ಇದರಿಂದ ವಿನಾಯಿತಿಯು ದೊರೆತಿದೆ. ಆದರೆ ಅವರು ಜಿ.ಎಸ್.ಟಿ. ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆಯನ್ನು ಪಡೆಯಬೇಕು. ಹೊರರಾಜ್ಯಕ್ಕೆ ಕಳುಹಿಸುವ ಯೋಚನೆಯಿದ್ದರೆ ಮೊದಲೇ ಬಲ್ಲವರನ್ನು ಕೇಳುವುದು ಲೇಸು. ವ್ಯಾಪಾರದ ಲಾಭವನ್ನು ಸಂಬಳದೊಡನೆ ಆದಾಯ ತೆರಿಗೆಯ ವಿವರಣೆಯಲ್ಲಿ ತೋರಿಸಲೇಬೇಕು. ಸಂಬಳಗಾರರು ತುಂಬುವ ಸರಳವಾದ ನಮೂನೆಯು ಆಗ ಸಾಲದು. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆಯ ಇಲಾಖೆಯವರು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ಅನೇಕ ಚಿಕ್ಕ ವರ್ತಕರಿಗೆ ನೋಟೀಸು ಕಳುಹಿಸಿದುದೂ, ಎಷ್ಟೋ ಅಂಗಡಿಗಳ ಮುಂದೆ ನಗದು ಮಾತ್ರವೆಂಬ ಕಾಗದಗಳು ತೂಗಾಡಿದುದೂ ವಾಚಕರಿಗೆ ನೆನಪಿರಬಹುದು. ಅದರಿಂದ ಕಲಿಯತಕ್ಕ ಪಾಠವು ಯುಪಿಐಗೆ ಹೆದರುವುದಲ್ಲ; ವ್ಯಾಪಾರಕ್ಕೆ ಬೇರೆಯೇ ಒಂದು ಬ್ಯಾಂಕ್ ಖಾತೆಯನ್ನು ಇಡುವುದು, ಬಂದ ಒಂದೊಂದು ರೂಪಾಯಿಯೂ ಎಲ್ಲಿಂದ ಬಂದಿತೆಂದು ಹೇಳಬಲ್ಲವರಾಗಿರುವುದು.

ಮೋಸಗಾರರ ವಿಷಯದಲ್ಲಿ ಒಂದೇ ಮಾತು. "ಹಣ ಕಳುಹಿಸುತ್ತೇನೆ, ಈ ಚಿತ್ರವನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಒಡನೆಯೇ ಮಾತನ್ನು ನಿಲ್ಲಿಸತಕ್ಕದ್ದು. ಹಣವನ್ನು ಪಡೆಯಲು ಪಿನ್ ಎಂದಿಗೂ ಬೇಕಾಗಿಲ್ಲ. ಅದು ಬೇಕಾಗುವುದು ಕೊಡಲು ಮಾತ್ರ. ಹಣ ಪಾವತಿಯಾದ ಚಿತ್ರವನ್ನು ನೋಡಿ ಸರಕನ್ನು ಕಳುಹಿಸಕೂಡದು. ತನ್ನ ಖಾತೆಯನ್ನು ತಾನೇ ನೋಡಿ ಕಳುಹಿಸಬೇಕು.

ಕೊನೆಗೆ ಅವರ ವ್ಯಾಪಾರವು ಏನಾಯಿತೆಂದರೆ, ನಿಲ್ಲಲಿಲ್ಲ, ಚಿಕ್ಕದಾಯಿತು. ಅವನು ಕಂಪೆನಿಯ ಯಜಮಾನರನ್ನು ಕಂಡು, ಕಚೇರಿಯ ಹೊತ್ತಿನಲ್ಲಿ ಮೊಬೈಲನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟು, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದನು. ಸೀರೆಗಳನ್ನು ಆರಿಸುವವಳು ಈಗ ಆಕೆ. ತವರಿನವರೇ ಮಗ್ಗದ ಮನೆಗಳಿಂದ ಆರಿಸಿ ಒಂದೇ ಕಟ್ಟಿನಲ್ಲಿ ಕಳುಹಿಸುವುದರಿಂದ ಬಸ್ಸಿನ ಖರ್ಚು ಉಳಿಯಿತು. ಮನೆಯಲ್ಲಿ ಎಂಟಕ್ಕಿಂತ ಹೆಚ್ಚು ಸೀರೆಗಳು ಇರಕೂಡದೆಂಬುದು ಆಕೆಯು ಮಾಡಿದ ಕಟ್ಟಳೆ. ಹಗಲಿನ ಬೆಳಕಿನಲ್ಲಿ ಚಿತ್ರ, ಅದರಲ್ಲಿ ಕೊಂಡಿಯ ಸೇರುವೆಯೂ ಕಾಣುವಂತೆ. ಉದ್ದ ಎಷ್ಟು, ನೂಲು ಯಾವುದು, ಬಣ್ಣ ಬಿಡುವುದೋ ಇಲ್ಲವೋ, ಎಲ್ಲವೂ ಬರವಣಿಗೆಯಲ್ಲಿ. ಮುಂಗಡ ಹಣವಿಲ್ಲದೆ ಕಳುಹಿಸುವುದಿಲ್ಲ. ಭಾನುವಾರ ಬೆಳಗ್ಗೆ ಮಾತ್ರ ಕಟ್ಟುವುದು, ಸೋಮವಾರ ಕಳುಹಿಸುವುದು. ತಿಂಗಳಿಗೆ ಐದು ಸೀರೆಗಳು ಹೋಗುವುವು. ಎಲ್ಲ ಖರ್ಚನ್ನೂ ಕಳೆದು ಸೀರೆಗೆ ಸುಮಾರು 350ರಂತೆ 1,750 ರೂಪಾಯಿ ಉಳಿಯುವುದು. ದೊಡ್ಡ ಮೊತ್ತವಲ್ಲ. ಆದರೆ ಅದು ನಿಜವಾಗಿ ಉಳಿಯುವುದು. ಆ ಹಣವನ್ನು ಮಕ್ಕಳ ಶಾಲೆಯ ಶುಲ್ಕಕ್ಕೆಂದು ಬೇರೆ ಇಟ್ಟಿರುವರು. ನಮ್ಮ 30,000ವನ್ನು ತಿಂಗಳಿಗೆ 3,000ದಂತೆ ಹತ್ತು ಕಂತುಗಳಲ್ಲಿ ಹಿಂದಿರುಗಿಸಿದರು. 300 ರೂಪಾಯಿ ಹಿಂದಕ್ಕೆ ಪಡೆದು ಸೀರೆಯನ್ನು ಇಟ್ಟುಕೊಂಡ ನಾಲ್ವರಲ್ಲಿ ಇಬ್ಬರು ಪುನಃ ಪುನಃ ಕೊಳ್ಳುತ್ತಿರುವರು. ಸೀಮಂತದ ಸೀರೆಯನ್ನು ಹಿಂದಕ್ಕೆ ಕಳುಹಿಸಿದ ಆ ತಾಯಿಯು ಮೊಮ್ಮಗುವಿನ ನಾಮಕರಣಕ್ಕೆ ಕೈಮಗ್ಗದ ಸೀರೆಯೊಂದನ್ನು ಇವರಿಂದಲೇ ತರಿಸಿಕೊಂಡಳು.

ಕಾಗದ ಬರೆದ ಗೃಹಸ್ಥರಿಗೆ ನಾವು ಹೇಳತಕ್ಕದ್ದು ಇಷ್ಟು. ಹೋದರೆ ಮನೆಯು ಅಲುಗಾಡದಷ್ಟು ಹಣವನ್ನು ಮಾತ್ರ ತೊಡಗಿಸಿರಿ. ಚಿನ್ನವನ್ನೂ ಸಾಲವನ್ನೂ ಮುಟ್ಟಬೇಡಿರಿ. ಹಿಂದಿರುಗಿ ಬರುವ ಸರಕನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಬೆಲೆ ಕಟ್ಟಿರಿ. ನೀವೇ ಕೈಯಲ್ಲಿ ಹಿಡಿದು ನೋಡದ ವಸ್ತುವಿನ ವಿಷಯದಲ್ಲಿ ಮಾತು ಕೊಡಬೇಡಿರಿ. ಒಂದು ವರ್ಷದ ಲೆಕ್ಕವು ಪುಸ್ತಕದಲ್ಲಿ ಪೂರ್ತಿಯಾಗುವವರೆಗೆ ಕೆಲಸ ಬಿಡುವ ಮಾತನ್ನು ಆಡಬೇಡಿರಿ. ಆ ಪುಸ್ತಕವನ್ನು ತಿಂಗಳಿಗೊಮ್ಮೆ ಮನೆಯಾಕೆಯ ಮುಂದೆ ಗಟ್ಟಿಯಾಗಿ ಓದಿರಿ. ಓದಲು ಸಂಕೋಚವಾದ ತಿಂಗಳಲ್ಲಿ ಎಲ್ಲಿಯೋ ತಪ್ಪಿರುವುದೆಂದು ತಿಳಿಯಿರಿ.

ಸಾಲ ಕೊಡುವ ಹಿರಿಯರಿಗೂ ಒಂದು ಮಾತುಂಟು. ಅದನ್ನು ನಾವು ನಮಗೇ ಹೇಳಿಕೊಳ್ಳುತ್ತಿರುವೆವು. ಪ್ರೀತಿಯಿಂದ ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ನಾಲ್ಕು ತಿಂಗಳು ಮೊದಲೇ ನಾವು ಆ ಪುಸ್ತಕವನ್ನು ಕೇಳಿದ್ದರೆ, ಆ ಹುಡುಗನು ಎಷ್ಟೋ ರಾತ್ರಿಗಳು ನಿದ್ರೆಗೆಡುವುದು ತಪ್ಪುತ್ತಿದ್ದಿತು.